ಪಂಜಿಕೆಂಟ್: ಸುಟ್ಟ ಮೇಲೂ ಬಣ್ಣ ಬಳಿದುಕೊಂಡ ಊರು

ಕ್ರಿ.ಶ. 722ರ ಸುಮಾರಿಗೆ ಮಧ್ಯ ಏಷ್ಯಾದ ಪಂಜಿಕೆಂಟ್ ಎಂಬ ಊರು ಹೊತ್ತಿ ಉರಿಯಿತು. ಅರಬ್ ಸೈನ್ಯ ಅದರ ಒಡೆಯನನ್ನು ಬೆನ್ನಟ್ಟಿ ಹಿಡಿದು ಕೊಂದಿತು. ಅರಮನೆಯ ತೊಲೆಗಳು ಕರಕಲಾಗಿ ಕುಸಿದವು, ದೇವಸ್ಥಾನಗಳಲ್ಲಿ ಪೂಜೆ ನಿಂತುಹೋಯಿತು. ಇಷ್ಟು ಓದಿದವರಿಗೆ ಕತೆ ಅಲ್ಲಿಗೆ ಮುಗಿಯಿತು ಅನ್ನಿಸುವುದು ಸಹಜ. ಆದರೆ ಯಾವ ಭಿತ್ತಿಚಿತ್ರಗಳಿಂದ ಈ ಊರಿನ ಹೆಸರು ಇಂದಿಗೂ ಉಳಿದಿದೆಯೋ, ಅವುಗಳಲ್ಲಿ ಬಹಳ ಪ್ರಸಿದ್ಧವಾದವು ಆ ಬೆಂಕಿಯ ನಂತರದವು, ಸುಮಾರು 740ರ ಹೊತ್ತಿನವು. ಸುಟ್ಟ ಊರಿಗೆ ಜನ ವಾಪಸ್ಸು ಬಂದರು, ಗೋಡೆ ಎಬ್ಬಿಸಿದರು, ಅಫ್ಘಾನಿಸ್ತಾನದ ಬದಕ್ಷಾನದ ಗಣಿಯಿಂದ ಬರುವ ದುಬಾರಿ ನೀಲಿಕಲ್ಲಿನ ಬಣ್ಣವನ್ನು ಗೋಡೆ ತುಂಬ ಬಳಿಸಿದರು. ಹಾಗೆ ಬಳಿಸಿ ಮೂರ್ನಾಲ್ಕು ದಶಕ ಕಳೆಯುವಷ್ಟರಲ್ಲಿ ಆ ಮನೆಗಳೆಲ್ಲ ಖಾಲಿಯಾಗಿದ್ದವು.

ಬೆಂಕಿಗೆ ಬಗ್ಗದ ಊರು ಆಮೇಲೆ ಬರಿದಾದದ್ದು ಹೇಗೆ? ಪಂಜಿಕೆಂಟ್ ಬಗ್ಗೆ ಕೇಳಲೇಬೇಕಾದ ಪ್ರಶ್ನೆ ಇದು. ಉತ್ತರ ಸಿಗಬೇಕಾದರೆ ಊರು ಬೆಳೆದ ಬಗೆ ಮೊದಲು ಗೊತ್ತಿರಬೇಕು.

ಚಕ್ರವರ್ತಿಯಿಲ್ಲದ ನಾಡು

ಮಧ್ಯ ಏಷ್ಯಾದ ಎರಡು ದೊಡ್ಡ ನದಿಗಳು ಅಮು ದರಿಯಾ ಮತ್ತು ಸಿರ್ ದರಿಯಾ. ಇವೆರಡರ ನಡುವಿನ ನೀರಾವರಿ ಕಣಿವೆಗಳೇ ಸೊಗ್ದಿಯಾ. ಇಂದಿನ ಉಜ್ಬೇಕಿಸ್ತಾನ ಮತ್ತು ತಜಿಕಿಸ್ತಾನಗಳಲ್ಲಿ ಅದು ಹಂಚಿಹೋಗಿದೆ. ಅದೊಂದು ಸಾಮ್ರಾಜ್ಯವಾಗಿರಲಿಲ್ಲ. ಸಮರ್ಕಂಡ್, ಬುಖಾರಾ, ಕೇಶ್, ನಖ್ಶಬ್ ಹೀಗೆ ಒಂದೊಂದು ನಗರಕ್ಕೂ ಒಬ್ಬೊಬ್ಬ ದೊರೆ, ಅವನದೇ ನಾಣ್ಯ, ಅವನದೇ ಕೋಟೆ. ಸಮರ್ಕಂಡಿನ ದೊರೆ ಹೆಸರಿಗೆ ಎಲ್ಲರಿಗೂ ಹಿರಿಯ, ಆದರೆ ಅವನ ಮಾತನ್ನು ಎಲ್ಲರೂ ಕೇಳುತ್ತಿದ್ದರು ಎನ್ನುವ ಹಾಗಿರಲಿಲ್ಲ. ಇವರಾಡುತ್ತಿದ್ದದ್ದು ಪೂರ್ವ ಇರಾನಿ ಬಳಗದ ಸೊಗ್ದಿಯನ್ ಭಾಷೆ.

ಕೈಯಲ್ಲಿ ದೊಡ್ಡ ಸೈನ್ಯವಿಲ್ಲದ ಈ ಜನ ಇಡೀ ಏಷ್ಯಾದ ವ್ಯಾಪಾರವನ್ನು ಹಿಡಿದಿಟ್ಟುಕೊಂಡಿದ್ದರು. ಚೀನಾದ ದುನ್‌ಹುವಾಂಗ್ ಬಳಿಯ ಒಂದು ಕಾವಲುಗೋಪುರದಲ್ಲಿ 1907ರಲ್ಲಿ ಆರೆಲ್ ಸ್ಟೈನ್ ಅವರಿಗೆ ಸಿಕ್ಕ ಸೊಗ್ದಿಯನ್ ಕಾಗದಗಳು ನಾಲ್ಕನೆಯ ಶತಮಾನದ ಆರಂಭದವು. ಊರಿಗೆ ತಲುಪದೇ ಉಳಿದ ಆ ಅಂಚೆಯಲ್ಲಿ ಮೀವ್ನಾಯ್ ಎಂಬ ಹೆಂಗಸು ತನ್ನನ್ನು ದುನ್‌ಹುವಾಂಗ್‌ನಲ್ಲಿ ಬಿಟ್ಟುಹೋದ ಗಂಡನಿಗೆ ಬರೆದ ಪತ್ರವೂ ಇದೆ. ನಿನ್ನ ಹೆಂಡತಿಯಾಗಿರುವುದಕ್ಕಿಂತ ನಾಯಿಗೋ ಹಂದಿಗೋ ಹೆಂಡತಿಯಾಗಿರುವುದು ಮೇಲು ಎಂದು ಅವಳು ಬೈಯುತ್ತಾಳೆ. ವ್ಯಾಪಾರದ ಹೊಳಪಿನ ಹಿಂದೆ ಇಂಥ ಸಂಸಾರಗಳೂ ಇದ್ದವು. ಸಿಂಧೂ ನದಿಯ ಮೇಲ್ಕಣಿವೆಯ ಶತಿಯಾಲ್ ಎಂಬಲ್ಲಿ ಬಂಡೆಗಳ ಮೇಲೆ ಸೊಗ್ದಿಯನ್ ವರ್ತಕರು ಕೆತ್ತಿದ ಹೆಸರುಗಳು ನೂರಾರಿವೆ. ಅಂದರೆ ಇತ್ತ ಭಾರತದ ಬಾಗಿಲವರೆಗೂ ಅವರ ಓಡಾಟವಿತ್ತು. ಸಮರ್ಕಂಡಿನ ಕಡೆ ಮಗು ಹುಟ್ಟಿದರೆ ಬಾಯಿಗೆ ಸಿಹಿ, ಅಂಗೈಗೆ ಅಂಟು ಹಚ್ಚುತ್ತಾರೆ, ಮಾತು ಸವಿಯಾಗಲಿ, ಕೈಗೆ ಬಂದ ಕಾಸು ಜಾರದಿರಲಿ ಎಂದು, ಅಂತ ತಾಂಗ್ ಕಾಲದ ಇತಿಹಾಸ ಬರೆದಿಟ್ಟಿದೆ. ಪರದೇಶಿ ವ್ಯಾಪಾರಿಗಳ ಬಗ್ಗೆ ಚೀನೀಯರಿಗಿದ್ದ ಕುಹಕವೂ ಅದರಲ್ಲಿ ಸೇರಿರಬಹುದು.

ಆರನೆಯ ಶತಮಾನದಲ್ಲಿ ಹುಲ್ಲುಗಾವಲಿನ ತುರ್ಕರು ಮಧ್ಯ ಏಷ್ಯಾವನ್ನು ಗೆದ್ದಾಗ ಸೊಗ್ದಿಯನ್ನರು ಅವರೊಡನೆ ಹೊಂದಿಕೊಂಡು ಹೋದರು. ಕತ್ತಿ ತುರ್ಕರದ್ದು, ಲೆಕ್ಕ ಸೊಗ್ದಿಯನ್ನರದ್ದು. 568ರಲ್ಲಿ ತುರ್ಕರ ದೊರೆ ಕಾಗನನ ರಾಯಭಾರಿಯಾಗಿ ಕಾನ್‌ಸ್ಟಾಂಟಿನೋಪಲ್‌ಗೆ ರೇಷ್ಮೆಯ ಮಾತುಕತೆಗೆ ಹೋದವನು ಮನಿಯಾಖ್ ಎಂಬ ಸೊಗ್ದಿಯನ್ನನೇ. ಈ ಭದ್ರತೆಯ ಕಾಲದಲ್ಲಿ ಹಣ ಹರಿದುಬಂತು, ಊರುಗಳು ಬೆಳೆದವು.

ಸಣ್ಣ ಊರು, ದೊಡ್ಡ ಮನೆಗಳು

ಸಮರ್ಕಂಡಿನಿಂದ ಪೂರ್ವಕ್ಕೆ ಸುಮಾರು 60 ಕಿಲೋಮೀಟರ್, ಝೆರಾವ್‌ಶಾನ್ ನದಿಯ ದಕ್ಷಿಣಕ್ಕೆ ಒಂದು ಎತ್ತರದ ದಿಬ್ಬ, ಪಂಜಿಕೆಂಟ್ ಇದ್ದದ್ದು ಅಲ್ಲಿ. ಐದನೆಯ ಶತಮಾನದಲ್ಲಿ ಅಲ್ಲಿ ಕೋಟೆಗೋಡೆ ಎದ್ದಿತು. ಗೋಡೆಯೊಳಗಿನ ಊರು ಕೊನೆಗೆ ಬೆಳೆದದ್ದು ಸುಮಾರು 13 ಹೆಕ್ಟೇರ್, ನಮ್ಮ ಲೆಕ್ಕದಲ್ಲಿ ಮೂವತ್ತೆರಡು ಮೂವತ್ತಮೂರು ಎಕರೆ. ಪಕ್ಕದ ಗುಡ್ಡದ ಮೇಲೆ ದೊರೆಯ ಕೋಟೆ, ಗೋಡೆಯಾಚೆ ಹೊರಕೇರಿ, ಇನ್ನೂ ಆಚೆಗೆ ಸತ್ತವರ ಮೂಳೆಗಳನ್ನು ಮಣ್ಣಿನ ಪೆಟ್ಟಿಗೆಯಲ್ಲಿಟ್ಟು ಕಾಯುವ ಸಣ್ಣ ಸಣ್ಣ ಕಟ್ಟಡಗಳು. ಪ್ರಾಚೀನ ಇರಾನಿನ ಪ್ರವಾದಿ ಜರತುಷ್ಟ್ರನ ಪದ್ಧತಿಯಂತೆ ಶವವನ್ನು ಹೂಳದೆ, ಸುಡದೆ, ಮಾಂಸ ಕಳೆದ ಮೇಲೆ ಮೂಳೆಗಳನ್ನು ಮಾತ್ರ ಎತ್ತಿಡುತ್ತಿದ್ದರು. ಈ ಕಟ್ಟಡಕ್ಕೆ ನೌಸ್ ಎನ್ನುತ್ತಾರೆ, ಮುಂದೆ ಮತ್ತೆ ಬರುತ್ತದೆ.

ಊರಿನಲ್ಲಿದ್ದವರು ಐದರಿಂದ ಏಳು ಸಾವಿರ ಮಂದಿ ಎಂದು ಅಂದಾಜು. ರಾಜಧಾನಿಯೂ ಅಲ್ಲ, ವ್ಯಾಪಾರದ ಹೆದ್ದಾರಿಯಲ್ಲೂ ಇಲ್ಲ, ಬೆಟ್ಟಗಳತ್ತ ಹೋಗುವ ಕಣಿವೆಯ ಬಾಯಲ್ಲಿರುವ ತಾಲ್ಲೂಕು ಕೇಂದ್ರದಂಥ ಊರು. ನೆಲದೊಡೆಯರ ಆದಾಯಕ್ಕೆ ಸುತ್ತಲಿನ ಹೊಲ, ತೋಟ, ಗಿರಣಿಗಳೇ ಆಧಾರ. ಹೀಗಿದ್ದೂ ಅಗೆದು ತೆಗೆದ ಮನೆಗಳಲ್ಲಿ ಹೆಚ್ಚುಕಡಿಮೆ ಪ್ರತಿ ಮೂರನೆಯದರಲ್ಲಿ ಭಿತ್ತಿಚಿತ್ರದ ಗುರುತು ಸಿಕ್ಕಿದೆ. ಪ್ರಾಚೀನ ನಗರಗಳಲ್ಲಿ ಸಾಮಾನ್ಯವಾಗಿ ಚಿತ್ರವಿರುವುದು ಅರಮನೆಯಲ್ಲಿ ಅಥವಾ ಗುಡಿಯಲ್ಲಿ. ಇಲ್ಲಿ ಊರ ಮೂರರಲ್ಲೊಂದು ಮನೆಯ ಯಜಮಾನ ಚಿತ್ರಗಾರನನ್ನು ಕರೆಸಿ ತನ್ನ ಹಜಾರಕ್ಕೆ ಬಣ್ಣ ಹಾಕಿಸಿದ್ದಾನೆ. ಸೊಗ್ದಿಯಾದ ಸಂಪತ್ತು ದೊರೆಯ ಖಜಾನೆಯಲ್ಲಿ ರಾಶಿಯಾಗಿರದೆ ಹಂಚಿಹೋಗಿತ್ತು ಎನ್ನುವುದಕ್ಕೆ ಇದಕ್ಕಿಂತ ಗಟ್ಟಿಯಾದ ಸಾಕ್ಷಿ ನನಗೆ ಕಾಣುವುದಿಲ್ಲ.

ಅಂಥ ಒಂದು ಮನೆಯೊಳಕ್ಕೆ ಹೋಗೋಣ. ಬೀದಿಗೆ ತೆರೆದ ಎತ್ತರದ ಪಡಸಾಲೆ. ಅದರ ಎರಡೂ ಮಗ್ಗುಲಲ್ಲಿ ಒಂದು ಕೋಣೆಯ, ಎರಡು ಕೋಣೆಯ ಅಂಗಡಿಗಳು. ಅವುಗಳಿಂದ ಮನೆಯೊಳಕ್ಕೆ ದಾರಿಯಿಲ್ಲ, ಯಜಮಾನ ಅವನ್ನು ಕಮ್ಮಾರನಿಗೋ ವ್ಯಾಪಾರಿಗೋ ಬಾಡಿಗೆಗೆ ಬಿಟ್ಟಿದ್ದಾನೆ. ಹಸಿ ಇಟ್ಟಿಗೆ, ಅದುಮಿದ ಮಣ್ಣಿನ ದಪ್ಪ ಗೋಡೆಗಳು. ಜಾಗ ಕಡಿಮೆಯಾದ್ದರಿಂದ ಮನೆ ಮೇಲಕ್ಕೆ ಬೆಳೆದಿದೆ, ಎರಡಂತಸ್ತು ಸಾಮಾನ್ಯ, ಕೆಲವು ಮೂರು. ಮಹಡಿಗೆ ಸುತ್ತಿ ಸುತ್ತಿ ಏರುವ ಇಳಿಜಾರು ದಾರಿ. ಒಳಗೆ ನಾಲ್ಕು ಮರದ ಕಂಬಗಳ ಚೌಕಾಕಾರದ ದೊಡ್ಡ ಹಜಾರ, ನಡುಮಾಡಿನಲ್ಲಿ ಬೆಳಕಿಂಡಿ, ಗೋಡೆಯುದ್ದಕ್ಕೂ ಮಣ್ಣಿನ ಜಗಲಿ. ಬಾಗಿಲಿಗೆ ಎದುರಾಗಿ ಜಗಲಿ ಅಗಲವಾಗುತ್ತದೆ, ಯಜಮಾನ ಮತ್ತು ಮುಖ್ಯ ಅತಿಥಿ ಕೂರುವ ಜಾಗ ಅದು. ಅವರ ಬೆನ್ನ ಹಿಂದಿನ ಗೋಡೆಯಲ್ಲಿ ಆಳೆತ್ತರಕ್ಕೂ ಮೀರಿದ ಮನೆದೇವರು. ಪಕ್ಕದ ಗೋಡೆಗಳಲ್ಲಿ ಕಣ್ಣಿನ ಮಟ್ಟಕ್ಕೆ ಪಟ್ಟಿ ಪಟ್ಟಿಯಾಗಿ ವೀರರ ಕತೆಗಳು. ತೀರಾ ಕೆಳಗೆ, ಜಗಲಿಯಲ್ಲಿ ಕೂತವರ ಬೆನ್ನಿಗೆ ತಾಗುವಂತೆ, ಸಣ್ಣ ಚೌಕಗಳಲ್ಲಿ ನೀತಿಕತೆಗಳು.

ಬಜಾರಿನ ಬಳಿಯ ಒಂದು ಮನೆಯಲ್ಲಿ ಔತಣದ ಚಿತ್ರವಿದೆ. ಕಸೂತಿ ರೇಷ್ಮೆಯ ನಿಲುವಂಗಿ ತೊಟ್ಟು, ಚಕ್ಕಳಮಕ್ಕಳ ಹಾಕಿ, ಕೈಯಲ್ಲಿ ಪಾನಪಾತ್ರೆ ಹಿಡಿದು ಗಂಡಸರು ಸಾಲಾಗಿ ಕೂತಿದ್ದಾರೆ. ಬೇರೆ ಮನೆಗಳ ಔತಣದ ಚಿತ್ರಗಳಲ್ಲಿ ಇಂಥವರ ಸೊಂಟದಲ್ಲಿ ಕತ್ತಿ, ಬಾಕು ಇರುತ್ತವೆ. ಇಲ್ಲಿ ಇರುವುದು ಕಪ್ಪು ಹಣದ ಚೀಲ. ಅದೇ ಮನೆಯ ದೇವರ ಸಿಂಹಾಸನಕ್ಕೆ ಒಂಟೆಗಳೇ ಆಧಾರ. ಯಜಮಾನ ವರ್ತಕ ಎಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ. ಮನೆಯ ಅಳತೆಯಲ್ಲೂ ಠೀವಿಯಲ್ಲೂ ಅವನು ಜಮೀನ್ದಾರನಿಗೆ ಕಡಿಮೆಯಿಲ್ಲ.

ನಂದಿಯ ಮೇಲೆ ಉಮಾಮಹೇಶ್ವರ

ಊರ ನಡುವೆ ಎರಡು ದೇವಸ್ಥಾನಗಳು ಅಕ್ಕಪಕ್ಕದಲ್ಲಿದ್ದವು. ಪಂಜಿಕೆಂಟ್‌ನ ಒಡತಿ ನನಾ ದೇವಿ. ಮೂಲದಲ್ಲಿ ಮೆಸೊಪೊಟೇಮಿಯಾದ ದೇವತೆ. ಇಲ್ಲಿ ಸಿಂಹದ ಮೇಲೆ ಕೂತಿದ್ದಾಳೆ, ನಾಲ್ಕು ಕೈ, ಮೇಲಿನ ಎರಡರಲ್ಲಿ ಸೂರ್ಯ ಚಂದ್ರ. ಊರಿನ ಕಂಚಿನ ನಾಣ್ಯಗಳಲ್ಲೂ ಅವಳ ಹೆಸರಿದೆ. ನಾಣ್ಯದ ಆಕಾರ ಮಾತ್ರ ಚೀನಾದ್ದು, ನಡುವೆ ಚೌಕದ ತೂತು. ಪಶ್ಚಿಮದ ದೇವಿಗೆ ಭಾರತದ ಕೈಗಳು, ಅವಳ ಹೆಸರಿಗೆ ಚೀನಾದ ನಾಣ್ಯ. ಸೊಗ್ದಿಯನ್ನರ ರೀತಿಯೇ ಹೀಗೆ, ಎಲ್ಲಿಂದ ಬಂದದ್ದಾದರೂ ಒಪ್ಪಿದರೆ ಸರಿ.

ನಮ್ಮ ಕಣ್ಣಿಗೆ ಇನ್ನೂ ಪರಿಚಿತನೊಬ್ಬನಿದ್ದಾನೆ. ಮೂರು ಮುಖ, ಆರು ಕೈ, ಒಂದರಲ್ಲಿ ತ್ರಿಶೂಲ, ಮೈಮೇಲೆ ಯೋಧನ ಕವಚ. ಶಿವನೇ ಅನ್ನಿಸುತ್ತಾನೆ. ಆದರೆ ಚಿತ್ರದಲ್ಲೇ ಸೊಗ್ದಿಯನ್ ಲಿಪಿಯಲ್ಲಿ ಬರೆದ ಹೆಸರು ವೇಶ್‌ಪರ್ಕರ್, ಅವರ ಗಾಳಿದೇವರು. ಬೌದ್ಧ ಗ್ರಂಥಗಳನ್ನು ಸೊಗ್ದಿಯನ್‌ಗೆ ತಂದವರು ಮಹಾದೇವ ಎಂದಿದ್ದಲ್ಲಿ ವೇಶ್‌ಪರ್ಕರ್ ಎಂದೂ, ಬ್ರಹ್ಮ ಎಂದಿದ್ದಲ್ಲಿ ಜುರ್ವಾನ್ ಎಂದೂ ಬರೆದರು. ತಮ್ಮ ದೇವರುಗಳಿಗೆ ರೂಪ ಕೊಡುವಾಗ ಚಿತ್ರಗಾರರು ಅದೇ ಸಮೀಕರಣವನ್ನು ತಿರುವಿ ಹಾಕಿದರು. ಇದು ಹೆಸರಷ್ಟೇ ಬೇರೆಯಾದ ಹಿಂದೂ ಧರ್ಮ ಎಂದು ಹಿಗ್ಗುವವರನ್ನು ನೋಡಿದ್ದೇನೆ. ಹಾಗಲ್ಲ. ಜರತುಷ್ಟ್ರನ ಬಳಗಕ್ಕೆ ಸೇರಿದ ದೇವರುಗಳು ಇವರು, ವೇಷ ಮಾತ್ರ ಭಾರತದಿಂದ ಬಂದದ್ದು. ಎರಡನೆಯ ದೇವಸ್ಥಾನದ ಆವರಣದಲ್ಲಿ ಸಿಕ್ಕ ಎಂಟನೆಯ ಶತಮಾನದ ಆರಂಭದ ಮಣ್ಣಿನ ಶಿಲ್ಪದ ವಿಷಯ ಬೇರೆ. ಅದು ನಂದಿಯ ಮೇಲೆ ಕೂತ ಉಮಾಮಹೇಶ್ವರರದ್ದೇ.

ಬಾವಿಗೆ ಇಣುಕುವ ಸಿಂಹ

ಆರಂಭದಲ್ಲಿ ಹೇಳಿದ ನೀಲಿ ಹಜಾರ ಅಗೆತದ ದಾಖಲೆಯಲ್ಲಿ 6ನೇ ವಿಭಾಗದ 41ನೇ ಕೋಣೆ. ಗಾಢ ನೀಲಿ ಹಿನ್ನೆಲೆಯ ಮೇಲೆ ಚಿರತೆ ಚರ್ಮ ತೊಟ್ಟ ಇರಾನಿ ಕತೆಗಳ ವೀರ ರುಸ್ತುಮ್ ಕೆಂಪು ಕುದುರೆ ರಖ್ಶ್ ಏರಿ ಹೊರಟಿದ್ದಾನೆ. ಒಂದು ಕಡೆ ಶತ್ರುವೊಬ್ಬನನ್ನು ಹಗ್ಗದ ಕುಣಿಕೆ ಎಸೆದು ಜೀನಿನಿಂದ ಎಳೆಯುತ್ತಾನೆ. ಮುಂದೆ ಘಟಸರ್ಪವೊಂದು ಕುದುರೆಯ ಕಾಲಿಗೆ ಸುತ್ತಿಕೊಂಡಿದೆ. ಇನ್ನೂ ಮುಂದೆ ಮೇಕೆಗಾಲಿನ ದೈತ್ಯರ ದಂಡು. ಎಲ್ಲಿಯೂ ತಡೆಯಿಲ್ಲದೆ ದೃಶ್ಯದ ಪಕ್ಕ ದೃಶ್ಯ, ಪ್ರತಿಯೊಂದರಲ್ಲೂ ಅದೇ ನಾಯಕ, ಅದೇ ಕುದುರೆ. ಕೂತಲ್ಲಿಂದಲೇ ಕತ್ತು ತಿರುಗಿಸುತ್ತ ಕತೆ ಓದಬಹುದು. ಇದೇ ರುಸ್ತುಮನ ಕತೆ ಹೇಳುವ ಪರ್ಶಿಯನ್ ಮಹಾಕಾವ್ಯ ಶಾಹನಾಮೆಯನ್ನು ಫಿರ್ದೌಸಿ ಮುಗಿಸಿದ್ದು ಸುಮಾರು 1010ರಲ್ಲಿ. ಈ ಗೋಡೆ ಅದಕ್ಕಿಂತ 270 ವರ್ಷ ಹಿಂದಿನದು.

ಕೆಳಗಿನ ಸಣ್ಣ ಚೌಕಗಳಲ್ಲಿರುವುದು ನಮ್ಮ ಪಾಠಪುಸ್ತಕದ ಕತೆಗಳು. ಪಂಜಿಕೆಂಟ್‌ನ ಗೋಡೆಗಳಲ್ಲಿ ಸಿಂಹವನ್ನು ಬಾವಿಗೆ ಕರೆದೊಯ್ದ ಮೊಲವಿದೆ. ಸತ್ತ ಮೃಗಕ್ಕೆ ಜೀವ ಬರಿಸಿ ಅದರ ಬಾಯಿಗೇ ಬಿದ್ದ ಪಂಡಿತರಿದ್ದಾರೆ. ಚಿನ್ನದ ಮೊಟ್ಟೆಯಿಡುವ ಹಕ್ಕಿಯ ಕತೆಯೂ ಇದೆ, ಅದು ಗ್ರೀಕ್ ಕಡೆಯಿಂದ ಬಂದ ಈಸೋಪನದು. ದುರ್ಗಸಿಂಹ ಚಾಲುಕ್ಯ ಜಯಸಿಂಹನ ಆಸ್ಥಾನದಲ್ಲಿ ಕನ್ನಡಕ್ಕೆ ಪಂಚತಂತ್ರ ತಂದದ್ದು 1031ರಲ್ಲಿ. ಅದಕ್ಕೆ ಮುನ್ನೂರು ವರ್ಷ ಮೊದಲೇ ಝೆರಾವ್‌ಶಾನ್ ದಂಡೆಯ ಮನೆಗಳಲ್ಲಿ ಅದೇ ಬಳಗದ ಕತೆಗಳು ಗೋಡೆ ಹತ್ತಿದ್ದವು. ದೇವರು, ವೀರ, ಮೊಲ ಎಂಬ ಈ ಮೇಲು ಕೆಳಗಿನ ಜೋಡಣೆಯಲ್ಲಿ ಒಂದು ಲೆಕ್ಕಾಚಾರವಿದೆ. ಪೂಜೆಗೆ ದೇವರು, ಹೆಮ್ಮೆಗೆ ವೀರರು, ದಿನದ ವ್ಯವಹಾರಕ್ಕೆ ಮೊಲದ ಬುದ್ಧಿ. ಬಲಶಾಲಿಗಳ ನಡುವೆ ಬದುಕಬೇಕಾದ ಸಣ್ಣ ಊರಿಗೆ ಹೆಚ್ಚು ಬೇಕಾದದ್ದು ಮೂರನೆಯದು.

ಬುಟ್ಟಿಯಲ್ಲಿ ಸಿಕ್ಕ ಕಚೇರಿ

ಊರಿನ ಕೊನೆಯ ಸ್ವತಂತ್ರ ದೊರೆ ದೇವಾಷ್ಟಿಚ್. ಅರಬ್ ಇತಿಹಾಸಕಾರ ತಬರಿಯ ಬರಹದಲ್ಲಿ ಬರುವ ಒಂದು ಹೆಸರಾಗಿಯಷ್ಟೇ ಅವನು ಉಳಿಯಬೇಕಿತ್ತು. 1932ರಲ್ಲಿ ಝೆರಾವ್‌ಶಾನ್‌ನ ಮೇಲ್ಕಣಿವೆಯ ಮುಘ್ ಬೆಟ್ಟದಲ್ಲಿ ಕುರುಬನೊಬ್ಬನಿಗೆ ಹಳೆಯ ಬುಟ್ಟಿಯೂ ಅದರಲ್ಲಿ ಓದಲಾಗದ ಬರಹದ ಹಾಳೆಯೂ ಸಿಕ್ಕವು. ಮರುವರ್ಷ ಎ. ಎ. ಫ್ರೈಮನ್ ನೇತೃತ್ವದ ತಂಡ ಹೋಗಿ ಅಗೆದಾಗ ತೊಗಲು, ಕಾಗದ, ಕಡ್ಡಿಗಳ ಮೇಲೆ ಬರೆದ ಎಪ್ಪತ್ತಕ್ಕೂ ಹೆಚ್ಚು ದಾಖಲೆಗಳು ಹೊರಬಂದವು. ಬಹುಪಾಲು ಸೊಗ್ದಿಯನ್, ಜೊತೆಗೆ ಚೀನೀ, ತುರ್ಕಿ ಬರಹಗಳು, ಒಂದು ಅರಬ್ಬಿ ಪತ್ರ. ಓಡಿಹೋಗುವಾಗ ದೇವಾಷ್ಟಿಚ್ ತನ್ನ ಕಚೇರಿಯನ್ನೇ ಹೊತ್ತುಕೊಂಡು ಹೋಗಿದ್ದ.

ಈ ಕಾಗದಗಳಲ್ಲಿ ರಾಜ್ಯಭಾರಕ್ಕಿಂತ ವ್ಯವಹಾರವೇ ಜಾಸ್ತಿ. ದೊರೆ ತನ್ನ ಮೂರು ಗಿರಣಿಗಳನ್ನು ಕಾಲುವೆ, ಬೀಸುಕಲ್ಲು ಸಮೇತ ಮಾಹ್ಯಾನ್ ಎಂಬವನಿಗೆ ಗೇಣಿಗೆ ಕೊಟ್ಟಿದ್ದಾನೆ, ವರ್ಷಕ್ಕೆ 460 ಅಳತೆ ಹಿಟ್ಟು. 710ರ ಒಂದು ಮದುವೆ ಕರಾರು ಇನ್ನೂ ಸ್ವಾರಸ್ಯದ್ದು. ವರ ಓತ್‌ತೆಗಿನ್, ವಧು ಚತ್. ಊಟ, ಬಟ್ಟೆ, ಒಡವೆ ಕೊಟ್ಟು ಮರ್ಯಾದೆಯಿಂದ, ಪ್ರೀತಿಯಿಂದ ನೋಡಿಕೊಳ್ಳಬೇಕು. ಅವಳ ಒಪ್ಪಿಗೆಯಿಲ್ಲದೆ ಇನ್ನೊಬ್ಬಳನ್ನು ತಂದರೆ 30 ದಿರ್‌ಹಮ್ ತೆರಬೇಕು. ಬೇಡವಾದರೆ ಅವನಂತೆ ಅವಳೂ ಬಿಟ್ಟು ಹೋಗಬಹುದು, ಯಾರಿಗೆ ಏನು ವಾಪಸ್ಸು ಎಂಬುದೂ ಬರೆದಿದೆ. ಗಂಡ ಯಾರಿಗಾದರೂ ಅಡಿಯಾಳಾದರೆ, ಸೆರೆಯಾದರೆ ಅದರ ಹೊಣೆ ಹೆಂಡತಿಯ ಮೇಲೆ ಬರಕೂಡದು ಎಂಬ ಷರತ್ತು ಕೂಡ ಇದೆ. ಹೆಣ್ಣಿನ ಕಡೆಯವರು ಒಳ್ಳೆಯ ವಕೀಲನನ್ನೇ ಹಿಡಿದಿದ್ದರು ಅನ್ನಬೇಕು.

ಎರಡು ದೋಣಿಯ ಮೇಲೆ ಕಾಲು

ಅರಬರ ವಿಸ್ತರಣೆಯ ಹಿಂದೆ ಇರಾಕಿನ ರಾಜ್ಯಪಾಲ ಹಜ್ಜಾಜ್ ಇದ್ದ. ಅವನ ಒಬ್ಬ ಸೇನಾಪತಿ ಮುಹಮ್ಮದ್ ಬಿನ್ ಕಾಸಿಂ ಸಿಂಧಕ್ಕೆ ನುಗ್ಗುತ್ತಿದ್ದ ಹೊತ್ತಿನಲ್ಲೇ ಇನ್ನೊಬ್ಬ ಸೇನಾಪತಿ ಕುತೈಬಾ ಇಬ್ನ್ ಮುಸ್ಲಿಂ ಸೊಗ್ದಿಯಾವನ್ನು ಮುರಿಯುತ್ತಿದ್ದ. ಸಿಂಧದ ಕಡೆಯಿಂದ ಗುಜರಾತಿಗೆ ಬಂದ ಅರಬ್ ದಂಡನ್ನು ಬಾದಾಮಿ ಚಾಲುಕ್ಯರ ಶಾಖೆಯ ಅವನಿಜನಾಶ್ರಯ ಪುಲಕೇಶಿ ನವಸಾರಿಯ ಬಳಿ ಹಿಮ್ಮೆಟ್ಟಿಸಿದ್ದನ್ನು 739ರ ಶಾಸನ ಹೇಳುತ್ತದೆ. ಅವನ ಬೆನ್ನಿಗೆ ದೊಡ್ಡ ರಾಜ್ಯವಿತ್ತು. ಸೊಗ್ದಿಯಾದ ಬಿಡಿ ಬಿಡಿ ಊರುಗಳಿಗೆ ಆ ಬೆಂಬಲವಿರಲಿಲ್ಲ. ಅವರನ್ನು ಬೆಳೆಸಿದ ಬಿಡಿತನವೇ ಈಗ ಅವರಿಗೆ ಮುಳುವಾಯಿತು.

ಅರಬರಿಗೆ ಕಪ್ಪ ಕೊಡಲೊಪ್ಪಿದ ಸಮರ್ಕಂಡಿನ ದೊರೆ ತರ್ಖೂನ್‌ನನ್ನು ಅವನ ಜನರೇ 710ರಲ್ಲಿ ಇಳಿಸಿ ಗುರಕ್‌ನನ್ನು ಕೂರಿಸಿದರು. ಅದನ್ನೇ ನೆಪ ಮಾಡಿಕೊಂಡು ಕುತೈಬಾ 712ರಲ್ಲಿ ಸಮರ್ಕಂಡನ್ನು ಹಿಡಿದು ಕಾವಲುಪಡೆ ಇಟ್ಟ. 715ರಲ್ಲಿ ಕುತೈಬಾನೇ ತನ್ನವರ ಕೈಯಲ್ಲಿ ಸತ್ತ. ಈ ಗೊಂದಲದಲ್ಲಿ ದೇವಾಷ್ಟಿಚ್ ತನ್ನ ದಾಳ ಉರುಳಿಸಿದ. ಅವನ ತಂದೆ ದೊರೆಯಾಗಿರಲಿಲ್ಲ, ವಂಶದ ಬಲ ಅವನಿಗಿಲ್ಲ. ಆದರೆ ತರ್ಖೂನ್‌ನ ಇಬ್ಬರು ಗಂಡುಮಕ್ಕಳು ಅವನ ಆಶ್ರಯದಲ್ಲಿದ್ದರು. ಅರಬರ ಪೂರ್ವ ಪ್ರಾಂತ್ಯವಾದ ಖುರಾಸಾನದ ರಾಜ್ಯಪಾಲ ಅಲ್ ಜರ್ರಾಹ್‌ಗೆ ಅವನು ಬರೆಸಿದ ಅರಬ್ಬಿ ಪತ್ರ ಇಸ್ಲಾಮಿನ ಮಂಗಳವಾಕ್ಯದಿಂದ ಶುರುವಾಗುತ್ತದೆ, ತನ್ನನ್ನು ರಾಜ್ಯಪಾಲನ ಆಶ್ರಿತ ಎಂದು ಕರೆದುಕೊಳ್ಳುತ್ತದೆ, ಆ ಹುಡುಗರ ವಿಷಯ ಎತ್ತುತ್ತದೆ. ಮನೆಯೊಳಗಿನ ಸೊಗ್ದಿಯನ್ ಕಾಗದಗಳಲ್ಲೋ ಅವನು ಸೊಗ್ದಿಯಾದ ರಾಜ, ಸಮರ್ಕಂಡಿನ ಒಡೆಯ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಲೆಕ್ಕ. ಕೆಲವು ಕಾಲ ಅದು ನಡೆಯಿತು ಕೂಡ.

720ರ ನಂತರ ತೆರಿಗೆಯ ಕೋಪ, ತುರ್ಗೆಶ್ ತುರ್ಕರ ಕುಮ್ಮಕ್ಕು ಸೇರಿ ಸೊಗ್ದಿಯಾ ದಂಗೆಯೆದ್ದಿತು. ದೇವಾಷ್ಟಿಚ್ ಬಹಿರಂಗವಾಗಿ ದಂಗೆಯ ಪಕ್ಷ ಸೇರಿದ. ತಾಷ್ಕೆಂಟ್ ಕಡೆಗೆ ನೆರವು ಕೇಳಲು ಹೋದ ಅವನ ದೂತ ಫತೂಫರ್ನ್ ಬರೆದ ಪತ್ರ ಮುಘ್ ಬೆಟ್ಟದಲ್ಲಿ ಸಿಕ್ಕಿದೆ. ಅದರ ಸಾರ ಇಷ್ಟು: ತುರ್ಕ್ ಕಾಗನನ ಸುಳಿವೇ ಇಲ್ಲ, ಅಕ್ಕಪಕ್ಕದವರು ಆಗಲೇ ಅರಬರೊಡನೆ ರಾಜಿಗೆ ಬಂದಿದ್ದಾರೆ. ಹೊಸ ರಾಜ್ಯಪಾಲ ಸಯೀದ್ ಅಲ್ ಹರಶಿ ಸೈನ್ಯದೊಡನೆ ಬರುವಾಗ ಬಂಡಾಯಗಾರರು ಎರಡಾಗಿ ಒಡೆದರು. ಒಂದು ಗುಂಪು ಫರ್ಘಾನಾದ ದೊರೆಯನ್ನು ನಂಬಿ ಖುಜಂದ್‌ಗೆ ಹೋಯಿತು, ಆ ದೊರೆ ಅವರನ್ನು ಹಿಡಿದುಕೊಟ್ಟ, ಅರಬರು ಸಾವಿರಗಟ್ಟಲೆ ಜನರನ್ನು ಕಡಿದರು. ಚೀನಾದಿಂದ ಸರಕು ತಂದಿದ್ದ 400 ವರ್ತಕರನ್ನು ಮಾತ್ರ ಬೇರೆಯಾಗಿ ನಿಲ್ಲಿಸಿದರು ಎಂದು ತಬರಿ ಬರೆಯುತ್ತಾನೆ. ದಂಗೆಯ ರಕ್ತದ ನಡುವೆಯೂ ವ್ಯಾಪಾರಿಯ ತಲೆಗೆ ಬೇರೆ ಬೆಲೆ.

ದೇವಾಷ್ಟಿಚ್ ತನ್ನವರೊಡನೆ ಮುಘ್ ಬೆಟ್ಟದ ಕೋಟೆ ಸೇರಿದ. ಬೆಟ್ಟದ ಕೆಳಗೆ ನಡೆದ ಕಾಳಗದಲ್ಲಿ ಸೋತ. ಜೊತೆಗಿದ್ದ ಸುಮಾರು ನೂರು ಕುಟುಂಬಗಳ ಪ್ರಾಣಕ್ಕೆ ಅಭಯ ಕೇಳಿ ಶರಣಾದ. ಅಲ್ ಹರಶಿ ಮೊದಲು ಮರ್ಯಾದೆಯಿಂದ ನಡೆಸಿಕೊಂಡು, ಆಮೇಲೆ 722ರಲ್ಲಿ ಒಂದು ನೌಸ್ ಕಟ್ಟಡದ ಮೇಲೆಯೇ ಅವನನ್ನು ಶಿಲುಬೆಗೇರಿಸಿದ. ಪೂರ್ವಜರ ಮೂಳೆ ಕಾಯುವ ಕಟ್ಟಡವನ್ನೇ ಆರಿಸಿಕೊಂಡದ್ದು ಬೇಕೆಂದೇ ಮಾಡಿದ ಅವಮಾನವಿರಬೇಕು. ತಲೆ ಇರಾಕಿಗೆ ಹೋಯಿತು, ಎಡಗೈ ಇಂದಿನ ಉತ್ತರ ಅಫ್ಘಾನಿಸ್ತಾನದ ಕಡೆಯ ತೊಖಾರಿಸ್ತಾನಕ್ಕೆ.

ಬರಿದಾದ ಬಗೆ

ಆ ಬೆಂಕಿ ಊರನ್ನು ಮುಗಿಸಲಿಲ್ಲ ಎಂದು ಆಗಲೇ ಹೇಳಿದ್ದೇನೆ. 738ರಲ್ಲಿ ತುರ್ಗೆಶ್ ಕಾಗನ್ ಸೂಲೂ ಕೊಲೆಯಾದ ಮೇಲೆ ಅವನ ನೆರಳಲ್ಲಿದ್ದ ಸೊಗ್ದಿಯನ್ ನಿರಾಶ್ರಿತರು ದಿಕ್ಕೆಟ್ಟರು. ಹೊಸ ರಾಜ್ಯಪಾಲ ನಸ್ರ್ ಇಬ್ನ್ ಸಯ್ಯಾರ್ ಅವರನ್ನು ಮಾತುಕತೆಗೆ ಕರೆದ. ಅವರ ಷರತ್ತುಗಳನ್ನು ನೋಡಿ: ಇಸ್ಲಾಂ ಸ್ವೀಕರಿಸಿ ಮತ್ತೆ ಬಿಟ್ಟವರನ್ನು ಶಿಕ್ಷಿಸಬಾರದು, ಹಳೆಯ ತೆರಿಗೆ ಬಾಕಿ ಕೇಳಬಾರದು, ಹಳೆಯ ಸಾಲಕ್ಕೆ ಪೀಡಿಸಬಾರದು, ತಮ್ಮ ಬಳಿಯ ಮುಸ್ಲಿಂ ಸೆರೆಯಾಳುಗಳನ್ನು ನ್ಯಾಯಾಧೀಶರ ತೀರ್ಪು ಮತ್ತು ಸಾಕ್ಷಿ ಇದ್ದರಷ್ಟೇ ಮರಳಿಸುವುದು. ಸೋತವರು ಇಂಥ ಪಟ್ಟಿ ಕೊಟ್ಟರೆ ಯಾರು ಒಪ್ಪುತ್ತಾರೆ? ನಸ್ರ್ ಒಪ್ಪಿದ. ಆಕ್ಷೇಪಿಸಿದ ತನ್ನವರಿಗೆ, ಇವರ ಹೊಡೆತವನ್ನು ನನ್ನ ಹಾಗೆ ನೀವೂ ಕಂಡಿದ್ದರೆ ಹೀಗೆ ಮಾತಾಡುತ್ತಿರಲಿಲ್ಲ ಎಂಬರ್ಥದ ಉತ್ತರ ಕೊಟ್ಟ.

ನೀಲಿ ಹಜಾರ ಈ ಶಾಂತಿಯ ಫಲ. ಆದರೆ ಆ ನೀಲಿ ಕಣ್ಣು ಕಟ್ಟುವಷ್ಟಿದ್ದರೂ ಊರು ಮೊದಲಿನ ಊರಲ್ಲ. ಕೋಟೆಯಲ್ಲಿ ದೊರೆಯಿಲ್ಲ, ಅರಬ್ ಸೈನಿಕರ ವಸತಿ ಇದೆ. ದೇವಸ್ಥಾನಗಳು ಮತ್ತೆ ಮೊದಲಿನಂತೆ ನಡೆಯಲಿಲ್ಲ. ದೇವರು ಹಜಾರದ ಗೋಡೆಗಷ್ಟೇ ಸೀಮಿತನಾದ. ದೊರೆಯಿದ್ದಲ್ಲಿ ಗಣ್ಯರಿಗೆ ಕೆಲಸವಿತ್ತು, ಪಟ್ಟವಿತ್ತು, ಪೈಪೋಟಿಗೆ ಅಂಗಳವಿತ್ತು. ಅವೆಲ್ಲ ಈಗ ಸಮರ್ಕಂಡಿಗೆ, ಖುರಾಸಾನದ ರಾಜಧಾನಿ ಮರ್ವ್‌ಗೆ, ಖಲೀಫರ ವಂಶವೇ ಬದಲಾದ 750ರ ಅಬ್ಬಾಸಿ ಕ್ರಾಂತಿಯ ನಂತರ ಇನ್ನೂ ದೂರಕ್ಕೆ ಸರಿದವು. ಅತ್ತ 755ರಲ್ಲಿ ಚೀನಾದಲ್ಲಿ ಆನ್ ಲುಶಾನ್ ಎಂಬ ಸೇನಾಪತಿ ದಂಗೆಯೆದ್ದು ಎಂಟು ವರ್ಷ ದೇಶ ಹೊತ್ತಿ ಉರಿಯಿತು. ಅವನ ತಂದೆ ಸೊಗ್ದಿಯನ್ ಮೂಲದವನು. ಹಾಗಾಗಿ ಅಲ್ಲಿನ ಸೊಗ್ದಿಯನ್ನರು ತಮ್ಮ ಗುರುತು ಮರೆಮಾಚಬೇಕಾಯಿತು, ಪೂರ್ವದ ದೊಡ್ಡ ಮಾರುಕಟ್ಟೆ ಕುಗ್ಗಿತು. 770ರ ದಶಕದಲ್ಲಿ ಮುಸುಕುಧಾರಿ ಮುಕನ್ನಾನ ಬಂಡಾಯ ಸೊಗ್ದಿಯಾವನ್ನು ಮತ್ತೊಮ್ಮೆ ಕಲಕಿತು. ಅದೇ ಹೊತ್ತಿಗೆ ದಿಬ್ಬದ ಮೇಲಿನ ಮನೆಗಳು ಖಾಲಿಯಾದವು.

ಜನ ಮಾಯವಾಗಲಿಲ್ಲ. ಕೆಳಗಿನ ಬಯಲಿಗೆ, ಇಂದಿನ ಪಂಜಕೆಂಟ್ ಪಟ್ಟಣ ಇರುವ ಜಾಗಕ್ಕೆ ಬದುಕು ಇಳಿಯಿತು. ಎತ್ತರದ ದಿಬ್ಬ, ದಪ್ಪ ಗೋಡೆ ಬೇಕಾಗಿದ್ದದ್ದು ತಮ್ಮನ್ನು ತಾವೇ ಕಾಯ್ದುಕೊಳ್ಳಬೇಕಿದ್ದ ಗಣ್ಯರಿಗೆ. ಖಲೀಫನ ಆಡಳಿತದಲ್ಲಿ ಆ ಅಗತ್ಯವೂ ಹೋಯಿತು, ಅಂಥ ಗಣ್ಯರೂ ಹೋದರು. ಉಳಿದ ರೈತ, ಕಸುಬುದಾರರಿಗೆ ಕೆಳಗಿನ ಹೊಲ ಕಾಲುವೆಗಳ ಮಗ್ಗುಲೇ ಅನುಕೂಲ. ನನ್ನ ಮಟ್ಟಿಗೆ ಪಂಜಿಕೆಂಟ್‌ನ ಪತನ ಅಂದರೆ ಇದು: ಆ ಊರನ್ನು ಆ ದಿಬ್ಬದ ಮೇಲೆ, ಆ ರೀತಿಯಲ್ಲಿ ನಡೆಸುವುದಕ್ಕೆ ಇದ್ದ ಕಾರಣಗಳು ಒಂದೊಂದಾಗಿ ಕಳಚಿದ್ದು.

ಭಾಷೆಯೂ ಬದಲಾಯಿತು. ಊರು ಬರಿದಾಗಿ ನೂರು ವರ್ಷವೂ ತುಂಬದೆ ಹತ್ತಿರದ ಪಂಜ್‌ರುದ್ ಗ್ರಾಮದಲ್ಲಿ ಹುಟ್ಟಿದ ರೂದಕಿ ಹೊಸ ಪರ್ಶಿಯನ್ ಕಾವ್ಯದ ಆದಿಕವಿಯಾದ, ಸೊಗ್ದಿಯನ್‌ನಲ್ಲಿ ಬರೆಯಲಿಲ್ಲ. ಅವನು ಪದ್ಯಕ್ಕಿಳಿಸಿದ ಕೃತಿಗಳಲ್ಲೊಂದು ಕಲೀಲ ವ ದಿಮ್ನ, ಅಂದರೆ ಅರಬ್ಬಿಯ ದಾರಿಯಾಗಿ ಬಂದ ಪಂಚತಂತ್ರ. ಸೊಗ್ದಿಯನ್ ಬಳಗದ ಒಂದು ಆಡುನುಡಿ ಮಾತ್ರ ಬೆಟ್ಟಗಳ ನಡುವಿನ ಯಘ್ನೋಬ್ ಕಣಿವೆಯಲ್ಲಿ ಉಳಿಯಿತು. ಆ ಕಣಿವೆಯ ಜನರನ್ನು 1970ರಲ್ಲಿ ಸೋವಿಯತ್ ಸರ್ಕಾರ ಹತ್ತಿ ಬೆಳೆಯುವ ಬಯಲಿಗೆ ಬಲವಂತವಾಗಿ ಸಾಗಿಸಿತು. ಕೆಲವರು ಆಮೇಲೆ ಮರಳಿದರು.

ಸಮರ್ಕಂಡಿನಂಥ ಊರುಗಳಲ್ಲಿ ಹಳೆಯ ಪದರದ ಮೇಲೆ ಹೊಸ ಊರು ಬೆಳೆದು ಕೆಳಗಿನದನ್ನು ಕದಡಿತು. ಪಂಜಿಕೆಂಟ್‌ನ ದಿಬ್ಬದ ಮೇಲೆ ಯಾರೂ ಮತ್ತೆ ಕಟ್ಟಲಿಲ್ಲ. ಮಹಡಿ ಕುಸಿದು ಕೆಳಗಿನ ಕೋಣೆಯನ್ನು ತುಂಬಿತು, ಆ ಮಣ್ಣೇ ಚಿತ್ರಗಳಿಗೆ ಹೊದಿಕೆಯಾಯಿತು. ಸುಟ್ಟು ಇದ್ದಿಲಾದದ್ದರಿಂದಲೇ ಮರದ ಕೆತ್ತನೆಗಳು ಗೆದ್ದಲು, ತೇವಗಳಿಗೆ ಸಿಗದೆ ಉಳಿದವು. ಸೊಂಟ ಬಳುಕಿಸಿ ನಿಂತ ನರ್ತಕಿಯರ ಕರಕಲು ವಿಗ್ರಹಗಳು ಹಾಗೆ ಸಿಕ್ಕಂಥವು.

1940ರ ದಶಕದಲ್ಲಿ ಸೋವಿಯತ್ ವಿದ್ವಾಂಸ ಯಕುಬೋವ್‌ಸ್ಕಿ ಆರಂಭಿಸಿದ ಉತ್ಖನನವನ್ನು ಬೆಲೆನಿತ್ಸ್‌ಕಿ, ಆಮೇಲೆ ಬೋರಿಸ್ ಮರ್ಶಾಕ್ ಮುಂದುವರಿಸಿದರು. ಮರ್ಶಾಕ್ 2006ರಲ್ಲಿ ಅಲ್ಲಿಯೇ ತೀರಿಕೊಂಡರು, ಅವರ ಸಮಾಧಿಯೂ ಅಲ್ಲಿಯೇ ಇದೆ. ಸುಮಾರು ಅರ್ಧ ಊರು ಅಗೆದಾಗಿದೆ. ಹಸಿ ಇಟ್ಟಿಗೆ ಗಾಳಿಮಳೆಗೆ ಕರಗುವುದರಿಂದ, ಚಿತ್ರಗಳನ್ನು ರಾಳದಿಂದ ಗಟ್ಟಿ ಮಾಡಿ ಗೋಡೆಯಿಂದಲೇ ಬಿಡಿಸಿ ತೆಗೆದು ಸೇಂಟ್ ಪೀಟರ್ಸ್‌ಬರ್ಗ್‌ನ ಹರ್ಮಿಟೇಜ್‌ಗೆ, ದುಶಾಂಬೆಗೆ, ಪಂಜಕೆಂಟ್‌ನ ರೂದಕಿ ಹೆಸರಿನ ವಸ್ತುಸಂಗ್ರಹಾಲಯಕ್ಕೆ ಸಾಗಿಸಿದ್ದಾರೆ. 2023ರಲ್ಲಿ ರೇಷ್ಮೆ ದಾರಿಯ ಝೆರಾವ್‌ಶಾನ್ ಮತ್ತು ಕರಕುಂ ಭಾಗದ ತಾಣಗಳ ಜೊತೆ ಈ ದಿಬ್ಬವೂ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಅಲ್ಲಿಗೆ ಹೋಗುವವರು ಮೊದಲು ವಸ್ತುಸಂಗ್ರಹಾಲಯ ನೋಡಿ ಆಮೇಲೆ ದಿಬ್ಬ ಹತ್ತುವುದು ಒಳ್ಳೆಯದು, ಇಲ್ಲದಿದ್ದರೆ ಕಾಣುವುದು ಬರೀ ಮಣ್ಣಿನ ಏರುತಗ್ಗು.